ನಾಲ್ಕು ಗಂಟೆಗೆ ಲೈನ್ ಖಾಲಿ ಬೇಕು

ಶಾಲೆಯವರು ಮಕ್ಕಳ ನಾಟಕದ ವಿಡಿಯೋ ಕಳಿಸಿದ್ದೇ ತಡ, ಇಡೀ ಕಟ್ಟಡ ಅದರ ಮೇಲೆ ಮುಗಿಬಿತ್ತು. ಫೈಲು ಆನೆಯಷ್ಟು ದೊಡ್ಡದು. ಕಟ್ಟಡಕ್ಕೆ ಬರುವ ಇಂಟರ್ನೆಟ್ ಲೈನ್ ಮಾತ್ರ ಒಂದೇ. ಆ ಲೈನಿನ ಉಸ್ತುವಾರಿ ಹೊತ್ತ ಪಾಪದ ಮನುಷ್ಯನನ್ನು ಎಲ್ಲರೂ ವೈರಪ್ಪ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ.

ಅವತ್ತು ವೈರಪ್ಪನಿಗೇ ಲೈನ್ ಬೇಕಿತ್ತು. ದೂರದೂರಿನ ಆಸ್ಪತ್ರೆಯಲ್ಲಿ ಮಗಳು ಹೆತ್ತಿದ್ದಳು. ವಾರ್ಡಿನಲ್ಲಿ ವಿಡಿಯೋ ಕಾಲಿಗೆ ಅನುಮತಿ ಸಂಜೆ ನಾಲ್ಕಕ್ಕೆ, ಅದೂ ಸ್ವಲ್ಪ ಹೊತ್ತು. ಫೋಟೋ ಕಳಿಸುತ್ತೇನೆಂದರೆ ಇವನೇ ಬೇಡ ಎಂದಿದ್ದ. ಮೊಮ್ಮಗಳ ಅಲ್ಲಾಡುವ ಮುಖವನ್ನೇ ಮೊದಲು ನೋಡಬೇಕಂತೆ. ಅದಕ್ಕಾಗಿ ಬೆಳಗಿನಿಂದ ಎರಡು ಸಲ ಗಡ್ಡ ಹೆರೆದುಕೊಂಡಿದ್ದ.

"ಕೂಸಿಗೆ ನಿಮ್ಮ ಗಡ್ಡ ಕಟ್ಕೊಂಡು ಏನಾಗಬೇಕು? ಮೊದಲು ಲೈನ್ ನೋಡಿ. ಒಂದು ಮೆಸೇಜೂ ಹೋಗ್ತಿಲ್ಲ," ಎಂದಳು ಹೆಂಡತಿ.

ವೈರಪ್ಪ ಮೂರೂ ಮನೆಯವರನ್ನು ಮೆಟ್ಟಿಲ ಹತ್ತಿರ ಸೇರಿಸಿದ: ಕೆಳಮನೆಯ ಟೀಚರಮ್ಮ, ನಡುಮಹಡಿಯ ಬ್ಯಾಂಕಿನವರು, ಮೇಲಿನ ದರ್ಜಿ. ಮೂವರ ಡೌನ್‌ಲೋಡೂ ಅರ್ಧಕ್ಕೆ ನಿಂತಿತ್ತು.

"ಎಲ್ಲರೂ ಒಟ್ಟಿಗೆ ಬಾವಿಗೆ ಕೊಡ ಬಿಟ್ರೆ ಹಗ್ಗ ಸಿಕ್ಕಾಗುತ್ತೆ ಅಷ್ಟೆ. ಒಬ್ಬೊಬ್ರು ಫೈಲಿನ ಒಂದೊಂದು ತುಂಡು ಹೊರಗಿಂದ ಇಳಿಸ್ಕೊಳ್ಳಿ. ಆಮೇಲೆ ನಮ್ಮ ನಮ್ಮಲ್ಲೇ ದಾಟಿಸ್ಕೊಳ್ಳೋಣ. ಕಟ್ಟಡದೊಳಗಿನ ವೈರು ಸುಮ್ಮನೆ ಬಿದ್ದಿದೆ."

"ನಾಟಕದಲ್ಲಿ ನಮ್ಮ ಹುಡುಗಿ ಮೊಲ. ಮೊಲ ಬರೋದು ಕೊನೇಲಿ," ಎಂದರು ಟೀಚರಮ್ಮ.

"ಕೊನೇ ತುಂಡು ದರ್ಜಿಯವರು ಇಳಿಸಿ ನಿಮಗೆ ಕೊಡ್ತಾರೆ."

"ನನ್ನ ಕಿಟಕಿ ಪರದೇನ ಗೇಣುದ್ದ ಗಿಡ್ಡ ಹೊಲಿದವರಿಂದ ಮೊಲ ಇಸ್ಕೋಬೇಕಾ?"

"ಅಳತೆ ಕೊಟ್ಟಿದ್ದು ಯಾರಂತೆ?" ದರ್ಜಿ ಗೋಡೆಯನ್ನು ಕೇಳಿದ.

ವೈರಪ್ಪ ಬೆವರಿದ. ಕಡೆಗೆ ದರ್ಜಿ ಬ್ಯಾಂಕಿನವರಿಗೆ ಕೊಡುವುದು, ಅವರು ಟೀಚರಮ್ಮನಿಗೆ ಕೊಡುವುದು ಎಂದಾಯಿತು. ಸುತ್ತು ಹಾಕಿ ಬಂದರೂ ಮೊಲ ಮೊಲವೇ ತಾನೆ?

ಆಶ್ಚರ್ಯವೆಂದರೆ ಕೆಲಸ ನಡೆಯಿತು. ನಾಲ್ಕಕ್ಕೆ ಮುಂಚೆಯೇ ಮೂರೂ ಮನೆಗೆ ನಾಟಕ ಬಂತು. ಟೀಚರಮ್ಮ ಮೆಟ್ಟಿಲು ಹತ್ತಿ ದರ್ಜಿಯ ಬಾಗಿಲಿಗೇ ಬಂದು, "ನಿಮ್ಮ ಮೊಮ್ಮಗ ಮರವಾಗಿ ಎಷ್ಟು ಚೆನ್ನಾಗಿ ನಿಂತಿದ್ದ ರೀ! ಒಂದು ಸಲವೂ ಮೂಗು ಕೆರ್ಕೊಳ್ಳಲಿಲ್ಲ," ಎಂದಾಗ ಅವನ ಕಣ್ಣು ಒದ್ದೆಯಾಯಿತು.

ಮತ್ತೆ ಯಾರಾದರೂ ಏನಾದರೂ ಇಳಿಸಿಕೊಂಡಾರು ಎಂಬ ಭಯಕ್ಕೆ ವೈರಪ್ಪ ಫೋನನ್ನು ಹೆಂಡತಿಗೆ ಕೊಟ್ಟು, ಕೆಳಗೆ ಲೈನಿನ ಪೆಟ್ಟಿಗೆಯ ಮುಂದೆ ಕಾವಲು ನಿಂತ. ಮೇಲೆ ಫೋನ್ ರಿಂಗಾಯಿತು. ಎದ್ದೆನೋ ಬಿದ್ದೆನೋ ಎಂದು ಓಡಿದ.

ಲೈನ್ ಖಾಲಿಯಿತ್ತು, ಬಾಗಿಲು ಖಾಲಿಯಿರಲಿಲ್ಲ. ಒಳಗೆಲ್ಲ ಬರೀ ಬೆನ್ನುಗಳು. ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು.

"ಜಾಗ ಬಿಡ್ರೀ, ನಾನು ತಾತ!"

"ಇರಿ ಇರಿ, ಬರುತ್ತೆ. ಸಿಕ್ಕಿದ್ದನ್ನ ದಾಟಿಸಬೇಕು ಅಂತ ನೀವೇ ಹೇಳಿದ್ರಲ್ಲ," ಎಂದರು ಬ್ಯಾಂಕಿನವರು.

ದಾಟಿ ದಾಟಿ ಅದು ವೈರಪ್ಪನ ಕೈಗೆ ಬರುವಷ್ಟರಲ್ಲಿ ವಾರ್ಡಿನ ಹೊತ್ತು ಮುಗಿದು ಪರದೆ ಕಪ್ಪಾಗಿತ್ತು. ಅವನು ಕುರ್ಚಿಯಲ್ಲಿ ಕುಸಿದ. ಅದನ್ನು ಕಂಡು ಎಲ್ಲರಿಗೂ ಕರುಳು ಚುರ್ ಎಂದಿತು.

"ಮೂಗು ನಿಮ್ಮದೇ," ಎಂದ ದರ್ಜಿ, ಮೆಲ್ಲಗೆ.

"ಕಿವಿ ತುಂಬಾ ತೆಳು. ಬೆಳಕು ದಾಟುತ್ತೆ," ಎಂದರು ಟೀಚರಮ್ಮ.

"ಒಂದು ಸಲ ಆಕಳಿಸ್ತು. ಇಷ್ಟೇ ಇಷ್ಟು ಬಾಯಿ," ಎಂದರು ಬ್ಯಾಂಕಿನವರು.

ವೈರಪ್ಪ ಕಣ್ಣು ಮುಚ್ಚಿ ಮೂಗು, ಕಿವಿ, ಬಾಯಿ ಜೋಡಿಸುತ್ತಾ ಹೋದ. ಮುಖಕ್ಕೆ ನಗು ಬಂತು.

"ಕಣ್ಣು? ಕಣ್ಣು ಯಾರ ಹತ್ರ ಇದೆ?"



"ಬಿಡ್ಲೇ ಇಲ್ಲ ಕಣ್ರೀ, ನಿದ್ದೆಗಣ್ಣಲ್ಲಿತ್ತು," ಎಂದಳು ಹೆಂಡತಿ ಅವನ ಭುಜ ಸವರುತ್ತಾ. "ನಾಳೆ ನಾಲ್ಕಕ್ಕೆ ನೀವೇ ಮೊದಲು ನೋಡಿ. ಫೋನ್ ನಿಮ್ಮ ಕೈಲೇ ಇರಲಿ."

"ಹೌದು ಹೌದು, ನಾವ್ಯಾರೂ ಬರಲ್ಲ," ಎಂದರು ಎಲ್ಲರೂ, ಮನಸಾರೆ.

ಅಷ್ಟರಲ್ಲಿ ಬ್ಯಾಂಕಿನವರ ಫೋನ್ ಟಿಣ್ ಎಂದಿತು. ಓದಿದ ಅವರ ಮುಖ ಸಣ್ಣದಾಯಿತು.

"ಶಾಲೆಯವರು. ನಾಟಕದಲ್ಲಿ ಒಂದು ದೃಶ್ಯ ಬಿಟ್ಟುಹೋಗಿತ್ತಂತೆ. ನಾಳೆ ಮೂರೂವರೆಗೆ ಇಡೀದು ಮತ್ತೆ ಕಳಿಸ್ತಾರಂತೆ." ಆಮೇಲೆ ತುಂಬಾ ಪ್ರೀತಿಯಿಂದ ಹೇಳಿದರು: "ವೈರಪ್ಪನವ್ರೇ, ನಾಳೇನೂ ಪೆಟ್ಟಿಗೆ ಹತ್ರ ನೀವೇ ನಿಲ್ಬೇಕಾಗುತ್ತೆ."