ದೊಡ್ಡಮ್ಮನ ಕತ್ತರಿ ಮತ್ತು ತ್ರಾಸಿಯ ಫೋಟೊ

ನಮ್ಮ ದೊಡ್ಡಮ್ಮನ ಕೈಗೆ ಕತ್ತರಿ ಸಿಕ್ಕಿತೆಂದರೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮ ನೆಂಟರಲ್ಲಿ ಒಬ್ಬರ ಕೈಕಾಲೂ ಸುರಕ್ಷಿತವಲ್ಲ! ಗಾಬರಿಯಾಗಬೇಡಿ. ದೊಡ್ಡಮ್ಮ ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರು ಕತ್ತರಿಸುವುದು ಫೋಟೊಗಳನ್ನು ಮಾತ್ರ. ಎಪ್ಪತ್ತರ ಹತ್ತಿರ ಬಂದಿರುವ ಈ ಹೆಂಗಸು, ನನ್ನ ಅಮ್ಮನ ಅಕ್ಕ, ಸುಮಾರು ಹದಿನೈದು ವರ್ಷಗಳಿಂದ ನಮ್ಮ ಇಡೀ ಕುಟುಂಬದ ಆಲ್ಬಂ ಮಾಡುವ ಕೆಲಸವನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಹೊರಿಸಿದವರು ಯಾರೂ ಇಲ್ಲ.

ಆಲ್ಬಂ ಎಂದರೆ ಪ್ಲಾಸ್ಟಿಕ್ ಜೇಬಿನೊಳಗೆ ಫೋಟೊ ತೂರಿಸುವುದು ಎಂದುಕೊಂಡಿರಾ? ದೊಡ್ಡಮ್ಮನ ಎದುರು ಹಾಗೆ ಹೇಳಿಬಿಟ್ಟೀರಿ, ಜೋಕೆ! ಮೊದಲು ಬಣ್ಣದ ದಪ್ಪ ರಟ್ಟಿನ ಹಾಳೆ ಬೇಕು. ಅದರ ಮೇಲೆ ಅಂಚು ಕತ್ತರಿಸಿದ ಫೋಟೊ, ಪಕ್ಕದಲ್ಲಿ ಅದೇ ಮದುವೆಯ ಕರೆಯೋಲೆಯ ತುಂಡು, ಅಂದು ಉಟ್ಟ ಸೀರೆಯ ಅಂಚಿನ ಚೂರು, ಹೋಗಿಬಂದ ಬಸ್ಸಿನ ಟಿಕೆಟ್ಟು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಒಂದು ಸಾಲು: ‘ಅಂದು ಪಾಯಸಕ್ಕೆ ಸಕ್ಕರೆ ಕಡಿಮೆ.’ ಪೇಟೆಯಲ್ಲಿ ಇದಕ್ಕೆ ಸ್ಕ್ರಾಪ್‌ಬುಕ್ ಅನ್ನುತ್ತಾರಂತೆ. ದೊಡ್ಡಮ್ಮ ‘ಪುಟ’ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಮದುವೆ ಮುಗಿಯುವುದು ಬೀಗರೂಟದ ದಿನ ಅಲ್ಲ, ದೊಡ್ಡಮ್ಮ ಪುಟ ಮಾಡಿ ಮುಗಿಸಿದ ದಿನ.

“ಫೋಟೊ ಎಲ್ಲ ಮೊಬೈಲಲ್ಲೇ ಇತ್ತಲೆ ದೊಡ್ಡಮ್ಮ” ಅಂದೆ ಒಮ್ಮೆ.

“ಮೊಬೈಲಲ್ಲಿ ಇಪ್ಪುದ್ ಫೋಟೊ ಅಲ್ದ್ ಮಗಾ, ಅದ್ ಕರೆಂಟ್” ಅಂದರು ದೊಡ್ಡಮ್ಮ. ನಾನು ಬೈಂದೂರಿನ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಆದರೂ ಮೊಬೈಲನ್ನು ಮೆಲ್ಲಗೆ ಚೀಲದೊಳಗೆ ಇಟ್ಟೆ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂಬತ್ತು ವರ್ಷಗಳ ಹಿಂದೆ ನನ್ನ ಅಪ್ಪಯ್ಯ ಒಂದು ಕೆಲಸ ಮಾಡಿಬಿಟ್ಟರು. ನನ್ನನ್ನು ಒಂದು ಮಾತು ಕೇಳದೆ, ಗೋಡೆಯ ಮೇಲೆ ಚೌಕಟ್ಟಿನೊಳಗಿದ್ದ ಅಮ್ಮನ ತ್ರಾಸಿಯ ಫೋಟೊವನ್ನು ಬಿಚ್ಚಿ, ‘ಪುಟ ಮಾಡಿ’ ಎಂದು ದೊಡ್ಡಮ್ಮನ ಕೈಗೆ ಕೊಟ್ಟರು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳ ಮದುವೆಯ ಆಲ್ಬಂ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳೆಗೆ ಹಾಳೆ ಅಂಟಿಕೊಂಡು ಹೋಯಿತು. ಮುಖ ಸರಿಯಾಗಿ ಕಾಣುವ ಫೋಟೊ ಎಂದು ಉಳಿದದ್ದು ಇದೊಂದೇ. ತ್ರಾಸಿಯ ಕಡಲ ದಂಡೆಯಲ್ಲಿ ಏಳು ಮಂದಿ ಸಾಲಾಗಿ ನಿಂತಿದ್ದಾರೆ. ಮೂರನೆಯವಳು ಅಮ್ಮ, ಸೊಂಟದಲ್ಲಿ ನಾನು. ಗಾಳಿಗೆ ಅವಳ ಕೂದಲು ನನ್ನ ಬಾಯಿಯೊಳಗೆ ಹೋಗಿದೆ. ಅದನ್ನು ನೋಡಿ ಅವಳು ನಗುತ್ತಿದ್ದಾಳೆ. ನಕಲು ತೆಗೆಸಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಂಥ ಫೋಟೊ ಕತ್ತರಿ ಹಿಡಿದ ಕೈಗೆ ಹೋಯಿತು! ವಾಪಸ್ಸು ಕೊಡಿ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಕೊಡ್ತೆ ಮಾರಾಯ್ತಿ, ಪುಟ ಆಯ್ಲಿ.” ಪುಟ ಯಾವಾಗ ಆಗುತ್ತದೆ? “ಮನಸ್ ತಂಪಾದಾಗ.”

ದೊಡ್ಡಮ್ಮನ ಮನಸ್ಸು ತಂಪಾಗುವುದೆಂದರೆ ಸುಲಭದ ಮಾತಲ್ಲ. ಹಸಿದ ಹೊಟ್ಟೆಯಲ್ಲಿ ಪುಟಕ್ಕೆ ಕೂರುವಂತಿಲ್ಲ. ತುಂಬಿದ ಹೊಟ್ಟೆಯಲ್ಲಂತೂ ಕೂರುವುದೇ ಇಲ್ಲ, ನಿದ್ದೆ ಬರುತ್ತದೆ. ಚಾಪೆ ಹಾಸಿ, ಕಾಲು ಚಾಚಿ, ಫೋಟೊಗಳನ್ನೆಲ್ಲ ಎದುರಿಗೆ ಹರಡಿಕೊಂಡು ಮೊದಲ ಅರ್ಧ ಗಂಟೆ ಸುಮ್ಮನೆ ನೋಡುತ್ತಾರೆ. ಏನೂ ಮಾಡುವುದಿಲ್ಲ. ಆ ಹೊತ್ತಿಗೆ ಯಾರಾದರೂ ಬಂದು ಅಕ್ಕಿ ಮುಗಿಯಿತು, ಗ್ಯಾಸ್ ಬಂತು ಎಂದರೆ ಅಂದಿನ ಕೆಲಸ ಅಲ್ಲಿಗೇ ಬಂದ್. ದಿನಕ್ಕೆ ಒಂದೇ ಪುಟ. “ಗಡಿಬಿಡಿ ಮಾಡುಕೆ ಇದೆಂತ ದೋಸೆಯಾ?” ಅನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿಟ್ಟು ಬಂದಾಗ ಕತ್ತರಿ ಮುಟ್ಟುವಂತಿಲ್ಲ. ಈ ನಿಯಮವನ್ನು ಅವರು ಒಂದು ಸಲ ಮುರಿದಿದ್ದರು. ಮೈದುನನ ಜೊತೆ ಬೇಲಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದ ದಿನ ಆ ಮೈದುನನದೇ ಗೃಹಪ್ರವೇಶದ ಪುಟಕ್ಕೆ ಕೂತರು. ಆ ಪುಟದಲ್ಲಿ ಇಂದಿಗೂ ಮನೆ ಇದೆ, ಹೊಸಿಲು ಇದೆ, ಹೊಸಿಲು ದಾಟುತ್ತಿರುವ ಒಂದು ಪಂಚೆ ಇದೆ. ಪಂಚೆಯ ಮೇಲೆ ಯಾರೂ ಇಲ್ಲ!

ಚಾಪೆಯ ಮೇಲೆ ಎಷ್ಟು ಕೂತರೂ ಏನೂ ಹೊಳೆಯದಿದ್ದರೆ ದೊಡ್ಡಮ್ಮ ಬಸ್ಸು ಹತ್ತುತ್ತಾರೆ. ಬ್ರಹ್ಮಾವರದಲ್ಲಿ ಹತ್ತಿ, ಕುಂದಾಪುರದವರೆಗೆ ಹೋಗಿ, ಇಳಿಯದೆ ಅದೇ ಕಿಟಕಿಯ ಸೀಟಿನಲ್ಲಿ ವಾಪಸ್ಸು. ಗದ್ದೆಯ ಹಸಿರಿಗೆ ಯಾವ ಸೀರೆ ಒಪ್ಪುತ್ತದೆ, ಸೇತುವೆಯ ಮೇಲಿಂದ ನೀರು ಯಾವ ಬಣ್ಣಕ್ಕೆ ಕಾಣುತ್ತದೆ ಎಂದು ನೋಡಿಕೊಂಡು ಬರುವುದಂತೆ. ಹಳೆಯ ಕಂಡಕ್ಟರುಗಳಿಗೆಲ್ಲ ಇದು ಗೊತ್ತು. ಒಮ್ಮೆ ಹೊಸಬನೊಬ್ಬ ಬಂದ. ಕುಂದಾಪುರದಲ್ಲಿ ಎಲ್ಲರೂ ಇಳಿದರೂ ಕಿಟಕಿಗೆ ಮುಖ ಆನಿಸಿ ಕೂತ ಅಜ್ಜಿಯನ್ನು ಕಂಡು ಪಾಪ ಹೆದರಿದ. ಹೇಗೋ ನಂಬರು ಕೇಳಿ ಮನೆಗೆ ಫೋನ್ ಮಾಡಿದ.

“ಹ್ವಾಯ್, ನಿಮ್ಮನೆ ಅಮ್ಮ ಬಸ್ಸಿಂದ ಇಳೀತಿಲ್ಲೆ! ಎಂತ ಮಾಡುದ್?”

ನಮ್ಮ ದೊಡ್ಡಪ್ಪ ಗಂಗೊಳ್ಳಿಯ ಮಂಜುಗಡ್ಡೆಯ ಪ್ಲಾಂಟಿನಲ್ಲಿ ಜೀವಮಾನವಿಡೀ ದುಡಿದವರು. ಅವರ ಸ್ವಭಾವವೂ ಅಷ್ಟೇ ತಣ್ಣಗೆ. “ಇಳ್ಸ್‌ಬೇಡಿ ಮಾರಾಯ್ರೆ” ಅಂದರಂತೆ, “ಐಡಿಯಾ ಅರ್ಧಕ್ಕೆ ನಿಂತ್ರೆ ಮನೆಗೆ ಬಂದ್ ನನ್ನ ತಲೆ ತಿಂತ್ಲ್.”

ಇನ್ನು ನನ್ನ ಮದುವೆಯ ಪುಟದ ಕತೆ. ಅದು ಮೆರೂನ್ ಬಣ್ಣದ ಹಾಳೆ. ನನ್ನ ಅತ್ತೆ ಅಂದು ಉಟ್ಟದ್ದು ಗಿಳಿಹಸಿರು ಸೀರೆ. ಎರಡೂ ಒಪ್ಪಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಾಳೆ ಬದಲಿಸುತ್ತಿದ್ದರು. ದೊಡ್ಡಮ್ಮ ಅತ್ತೆಯನ್ನು ಬದಲಿಸಿದರು! ಅತ್ತೆ ನಿಂತಿದ್ದ ಜಾಗಕ್ಕೆ ನನ್ನ ಧಾರೆ ಸೀರೆಯ ಅಂಚಿನ ಪಟ್ಟಿ ಬಂತು. ಆಲ್ಬಂ ನೋಡಲು ಕೂತ ಅತ್ತೆ ಆ ಪುಟದ ಮೇಲೆ ಬೆರಳಿಟ್ಟರು.

“ಇಲ್ಲಿ ನಾನ್ ನಿಂತದ್ದಲ್ದಾ?”

“ನೀವೇ. ಕಾಣಿ, ನಿಮ್ಮ ಕೈ ಇತ್ತಲೆ” ಅಂದರು ದೊಡ್ಡಮ್ಮ. ನಿಜ, ನನ್ನ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿದಿತ್ತು. “ಬಳೆ ಚಂದ ಕಂಡಿತ್. ಅದ್ಕೆ ಬಿಟ್ಟೆ.”

ನನಗೆ ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಆದರೆ ಅತ್ತೆ ಜಗಳ ಮಾಡಲಿಲ್ಲ. ಅಂದಿನಿಂದ ಇಂದಿನವರೆಗೂ ಯಾವುದೇ ಕಾರ್ಯಕ್ರಮ ಇರಲಿ, ಸೀರೆ ತೆಗೆಯುವ ಮೊದಲು ಅವರು ಬ್ರಹ್ಮಾವರಕ್ಕೆ ಫೋನ್ ಮಾಡುತ್ತಾರೆ: “ಈ ಸಲದ ಹಾಳೆ ಯಾವ ಬಣ್ಣ ಮಾರಾಯ್ರೆ?”

ದೊಡ್ಡಪ್ಪನ ನಿವೃತ್ತಿಯ ಪುಟದ ಕತೆ ಇದಕ್ಕಿಂತ ದೊಡ್ಡದು. ಗಂಗೊಳ್ಳಿಯ ಪುಟ ಅಂದ ಮೇಲೆ ಗಂಗೊಳ್ಳಿಯ ಹಾಗೇ ಇರಬೇಡವೇ? ಬೋಟಿನ ಬಲೆಯ ಒಂದು ಚೂರು ತಂದರು, ಅದು ಸರಿ. ಆಮೇಲೆ ಒಣ ಸಿಗಡಿ ತಂದು, ಗಂಜಿಯ ಅಂಟಿನಿಂದ ಫೋಟೊದ ನಾಲ್ಕೂ ಕಡೆ ಸಾಲಾಗಿ ಅಂಟಿಸಿದರು. ಫೋಟೊದಲ್ಲಿ ಪ್ಲಾಂಟಿನ ಹನ್ನೆರಡು ಜನ, ನಡುವೆ ಹಾರ ಹಾಕಿಕೊಂಡ ದೊಡ್ಡಪ್ಪ, ಸುತ್ತ ಸಿಗಡಿ! ನೋಡಲು ಚಂದವೇ ಇತ್ತು, ಸುಳ್ಳು ಹೇಳಬಾರದು. ನಮ್ಮ ಕಡೆಯ ಹೆಂಗಸರಿಗೆ ಒದ್ದೆಯಾದ ಏನನ್ನು ಕಂಡರೂ ಅಂಗಳದ ಬಿಸಿಲಿಗೆ ಹಾಕಿ ಅಭ್ಯಾಸ. ಪುಟವೂ ಹಪ್ಪಳದ ಪಕ್ಕ ಚಾಪೆಯ ಮೇಲೆ ಒಣಗಲು ಹೋಯಿತು. ದೊಡ್ಡಮ್ಮ ಕೈ ತೊಳೆದು ಬರುವಷ್ಟರಲ್ಲಿ ನೆರೆಮನೆಯ ಬೆಕ್ಕು ದೊಡ್ಡಪ್ಪನ ಎಡಗಡೆಯ ಆರು ಜನ ಸಹೋದ್ಯೋಗಿಗಳನ್ನು ಸಿಗಡಿ ಸಮೇತ ಮುಗಿಸಿತ್ತು.

“ಇರ್ಲಿ” ಅಂದರು ದೊಡ್ಡಪ್ಪ, ಹರಿದ ಪುಟವನ್ನು ತಿರುಗಿಸಿ ನೋಡಿ. “ನಾನ್ ರಿಟೈರ್ ಆದದ್ದ್ ಯಾರಿಗಾರೂ ರುಚಿಯಾಯ್ತಲ್ಲ.”

ದೊಡ್ಡಮ್ಮ ಬೆಕ್ಕಿಗೆ ಒಂದು ಮಾತೂ ಬಯ್ಯಲಿಲ್ಲ. ಬೈದರೆ ಮನಸ್ಸು ಬಿಸಿಯಾಗುತ್ತದೆ, ನಾಳೆಯ ಪುಟ ಕೆಡುತ್ತದೆ! ಉಳಿದ ಅರ್ಧವನ್ನೇ ಹಲ್ಲಿನ ಗುರುತಿನ ಸಮೇತ ಹೊಸ ಹಾಳೆಗೆ ಅಂಟಿಸಿ, ಕೆಳಗೆ ಬರೆದರು: ‘ಉಳಿದವರು ಬೆಕ್ಕಿನ ಹೊಟ್ಟೆಯಲ್ಲಿ.’

ನೀವು ನಗುತ್ತಿದ್ದೀರಿ. ನಾನೂ ನಕ್ಕಿದ್ದೇನೆ. ಆದರೆ ಆ ಬೆಕ್ಕಿನ ಪುಟ ನೋಡಿ ಕುಂದಾಪುರದ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ಕೂತಾಗ ನಗು ಬರಲಿಲ್ಲ. ತಲೆ ಹೋದ ಮೈದುನ, ಕೈ ಮಾತ್ರ ಉಳಿದ ಅತ್ತೆ, ಬೆಕ್ಕಿನ ಹೊಟ್ಟೆ ಸೇರಿದ ಆರು ಜನ. ಇವರ ಸಾಲಿನಲ್ಲಿ ಮುಂದಿನವಳು ನನ್ನ ಅಮ್ಮ. ಈ ಒಂದು ಫೋಟೊವೂ ಹೋದರೆ ಅವಳ ಮುಖ ನನಗೆ ಮರೆತೇ ಹೋಗುತ್ತದೆ ಎಂಬ ಹೆದರಿಕೆ. ಈಗಲೂ ಕಣ್ಣು ಮುಚ್ಚಿದರೆ ಬರುವುದು ಅಮ್ಮನ ಮುಖವೋ, ಆ ಫೋಟೊದ ಮುಖವೋ ನನಗೆ ಸರಿಯಾಗಿ ಗೊತ್ತಿಲ್ಲ.

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡಮ್ಮನ ಫೋನ್ ಬಂತು.

“ಮಗಾ, ಇವತ್ತ್ ಮನಸ್ ತಂಪಿತ್ತ್. ನಾನ್ ನಿನ್ನ ಅಮ್ಮನ ಪುಟಕ್ಕೆ ಕೂತಿದೆ. ಪುರ್ಸೊತ್ತಿದ್ರೆ ಬಾ.”

“ದೊಡ್ಡಮ್ಮ, ಕತ್ತರಿ ಮುಟ್‌ಬೇಡಿ! ನಾನ್ ಈಗ್ಲೇ ಬತ್ತೆ!”

“ಕತ್ತರಿ ಆಗ್ಳೇ ಮುಟ್ಟಾಯ್ತ್” ಅಂದು ಅವರು ಫೋನ್ ಇಟ್ಟರು.

ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಸಿಕ್ಕಿದ ಬಸ್ಸು ಹತ್ತಿದೆ. ಅಂದು ಆ ಬಸ್ಸು ಪ್ರತಿ ಕೈಗೂ ನಿಂತಿತು. ಕೋಟ ಬಂತು, ಸಾಲಿಗ್ರಾಮ ಬಂತು, ಬ್ರಹ್ಮಾವರ ಮಾತ್ರ ಬರಲೊಲ್ಲದು! ಇಳಿದು ಓಡುತ್ತ ಹೋಗಿ ಜಗಲಿ ಹತ್ತಿದರೆ ಚಾಪೆಯ ತುಂಬ ನೀಲಿ ಚೂರುಗಳು. ತೆಳ್ಳಗೆ, ಉದ್ದುದ್ದ ಕತ್ತರಿಸಿದ ನೀಲಿ. ತ್ರಾಸಿಯ ಕಡಲು!

“ಕತ್ತರ್ಸಿದ್ರಾ? ಕೊನೆಗೂ ಕತ್ತರ್ಸಿದ್ರಾ ದೊಡ್ಡಮ್ಮ?” ಎಂದು ಕೂಗಿಯೇಬಿಟ್ಟೆ. ಹಿರಿಯರ ಎದುರು ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದವಳಲ್ಲ.

ದೊಡ್ಡಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಎಂತಕ್ಕೆ ಬೊಬ್ಬೆ? ಅದ್ ರಟ್ಟ್. ಕೂಕೋ ಮೊದ್ಲ್.”

ಕೂತು ಚೂರನ್ನು ಕೈಗೆತ್ತಿಕೊಂಡೆ. ಹೌದು, ನೀಲಿ ರಟ್ಟಿನ ಚೂರೇ. ತಮ್ಮ ಇಷ್ಟು ವರ್ಷದ ಆಲ್ಬಂ ಕೆಲಸದಲ್ಲಿ ಮೊದಲ ಬಾರಿಗೆ ದೊಡ್ಡಮ್ಮ ಫೋಟೊವನ್ನು ಬಿಟ್ಟು ಹಾಳೆಯನ್ನು ಕತ್ತರಿಸಿದ್ದರು. ಹಾಳೆಯ ನಡುವೆ ಕಿಟಕಿಯ ಹಾಗೆ ಚೌಕ ತೆಗೆದು, ನಾಲ್ಕು ಮೂಲೆಗೆ ಕಾಗದದ ಪುಟ್ಟ ಜೇಬು ಮಾಡಿ ಫೋಟೊ ಕೂರಿಸಿದ್ದರು. ಒಂದು ಹನಿ ಅಂಟು ಇಲ್ಲ. ಏಳು ಮಂದಿಯೂ ಇದ್ದರು. ಕಡಲು ಇತ್ತು. ಅಮ್ಮ ನಗುತ್ತಿದ್ದಳು.

“ಇಷ್ಟ್ ಮಾಡುಕೆ ಒಂಬತ್ತ್ ವರ್ಷ ಬೇಕಾಯ್ತಾ?” ಅಂದೆ.

“ಇದನ್ನ ಕೈಗೆ ತಕಂಡ್ರೆ ನನ್ನ ಮನಸ್ ತಂಪಾತಿಲ್ಲೆ ಮಗಾ. ತಂಗಿ ಅಲ್ದಾ” ಅಂದರು ದೊಡ್ಡಮ್ಮ. ಆಮೇಲೆ, “ಮತ್ತೆ, ಅಂಟ್ ಹಚ್ಚಿರೆ ಹಿಂದಿದ್ದದ್ದ್ ಹೋತ್ತ್. ಹೆಂಗೆ ಮಾಡುದ್ ಅಂತ ಗೊತ್ತಾಯ್ಲಿಲ್ಲೆ. ತಿರ್ಗ್ಸಿ ಕಾಣ್.”

ಹಾಳೆ ತಿರುಗಿಸಿದೆ. ಕಿಟಕಿಯ ಆ ಬದಿಯಿಂದ ಫೋಟೊದ ಬೆನ್ನು ಕಾಣುತ್ತಿತ್ತು. ಅದರ ತುಂಬ ಮಾಸಿದ ಶಾಯಿಯಲ್ಲಿ ದುಂಡು ದುಂಡಗಿನ ಅಕ್ಷರ. ನಾನು ಮಗುವಾಗಿದ್ದಾಗ ದೊಡ್ಡಮ್ಮನ ಮನೆ ಗಂಗೊಳ್ಳಿಯಲ್ಲಿತ್ತು. ಅಮ್ಮ ನನ್ನನ್ನು ಬಿಟ್ಟುಹೋಗಲು ಬಂದಾಗ ದೊಡ್ಡಮ್ಮ ಸ್ನಾನಕ್ಕೆ ಹೋಗಿದ್ದರಂತೆ. ಬಸ್ಸಿನ ಹಾರ್ನ್ ಕೇಳಿತು. ಬರೆಯಲು ಕಾಗದ ಸಿಗದೆ, ಪರ್ಸಿನಲ್ಲಿದ್ದ ಫೋಟೊದ ಹಿಂದೆಯೇ ಗೀಚಿ, ನನ್ನನ್ನು ದೊಡ್ಡಪ್ಪನ ಕೈಗೆ ಕೊಟ್ಟು ಓಡಿದ್ದಳಂತೆ.

‘ಅಕ್ಕ, ಬಸ್ ಬಂತು. ಮಗುವಿಗೆ ಗಂಜಿ ಆರಿಸಿ ಕೊಡು. ಎಡಗೈಯಲ್ಲಿ ತಿನ್ನುತ್ತದೆ. ಬಯ್ಯಬೇಡ. ಸಂಜೆ ಬರುತ್ತೇನೆ.’

ನಾನು ಈಗಲೂ ಎಡಗೈಯವಳೇ. ಶಾಲೆಯಲ್ಲಿ ಹೊಡೆಸಿಕೊಂಡಿದ್ದೇನೆ, ಪಂಕ್ತಿಯಲ್ಲಿ ಹೇಳಿಸಿಕೊಂಡಿದ್ದೇನೆ, ಮದುವೆಯಾದ ಮೇಲೆ ಎಲೆಯ ಮುಂದೆ ಕೂತು ಬಲಗೈಯಲ್ಲಿ ತಿಂದ ಹಾಗೆ ನಟಿಸಿದ್ದೇನೆ. ನನ್ನ ಪರವಾಗಿ ಯಾರಾದರೂ ಒಂದು ಮಾತು ಆಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮನ ಅಕ್ಷರವನ್ನು ನಾನು ನೋಡಿದ್ದು ಅದೇ ಮೊದಲು. ಅಳು ತಡೆಯಲಾಗಲಿಲ್ಲ. ತಡೆಯಲು ಹೋಗಲೂ ಇಲ್ಲ.

ಕಣ್ಣೊರೆಸಿಕೊಂಡು ಕೇಳಿದೆ: “ಸಂಜೆ ಬಂದ್ಲಾ ದೊಡ್ಡಮ್ಮ?”

“ಬಂದ್ಲ್. ಬಪ್ಪುಕೂ ಮೊದ್ಲ್ ನಾನ್ ನಿನ್ನ ಕೈಗೆ ಎರಡ್ ಪೆಟ್ಟ್ ಕೊಟ್ಟಾಗಿತ್ತ್. ಅದ್ ಅವ್ಳಿಗೆ ಗೊತ್ತಾಯ್ತ್.” ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಈ ಫೋಟೊನೂ ತಕಂಡ್ ಹೋದವ್ಳ್ ಒಂದ್ ವಾರ ನನ್ನತ್ರ ಮಾತಾಡ್ಲಿಲ್ಲೆ.”

ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ನೀರುದೋಸೆಯ ತಟ್ಟೆಯನ್ನೂ ಚಟ್ನಿಯನ್ನೂ ತಂದು ನನ್ನ ಎಡಗಡೆಗೆ ಇಟ್ಟರು.

“ತಿನ್” ಅಂದರು.