ನೆಗೆಣ್ಣಿಯ ಹೊಸ ಕೀಲು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನನ್ನ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಎಪ್ಪತ್ಮೂರು. ಖಾನಾಪುರದಾಚೆಯ ಗುಂಜಿ ಊರಿನ ಒಂದೇ ಮನೆಯಲ್ಲಿ ನಲವತ್ತೇಳು ವರ್ಷ ಅವಳ ಜೊತೆ ಬಾಳಿದವಳು ನಾನು. ಹಾಗಾಗಿ ಖಾತ್ರಿಯಿಂದ ಹೇಳುತ್ತೇನೆ: ನಮ್ಮೂರ ಸ್ಟೇಷನ್ನಿಗೆ ರೈಲು ಬೇಕಾದರೆ ಸದ್ದಿಲ್ಲದೆ ಬಂದೀತು, ಇವಳು ಹಿತ್ತಲಿಗೆ ಸದ್ದಿಲ್ಲದೆ ಹೋಗಲಾರಳು! ಕಾಡಿನಿಂದ ಮಂಗಗಳು ಪೇರಲ ಗಿಡಕ್ಕೆ ಇಳಿದರೆ ಸಾಕು, "ನಿಮ್ಮಪ್ಪ ನೆಟ್ಟಾನೇನು?" ಎಂದು ಶುರು. ಉತ್ತರ ಬರುವವರೆಗೂ ಬೈಯುವಳು. ಮಂಗ ಎಲ್ಲಾದರೂ ಉತ್ತರ ಕೊಡುತ್ತದೆಯೇ? ನಾನಂತೂ ಆ ಕಡೆ ಕಿವಿಗೊಡುವುದನ್ನೇ ಬಿಟ್ಟಿದ್ದೆ.

ಆ ವರ್ಷ ಹಿತ್ತಲಲ್ಲಿ ಜಾರಿ ಬಿದ್ದು ಚಪ್ಪೆಯ, ಅಂದರೆ ಸೊಂಟದ ಪಕ್ಕದ, ಎಲುಬು ಮುರಿದುಕೊಂಡಳು. ಬೆಳಗಾವಿಯ ದವಾಖಾನೆಯಲ್ಲಿ ಹೊಸ ಕೀಲು ಕೂರಿಸಿದರು. ಸಡಿಲಾದರೆ ಬಿಗಿ ಮಾಡುವವರು ಯಾರು ಎಂದು ಡಾಕ್ಟರರನ್ನು ಕೇಳಿದಳು. ಸಡಿಲಾಗುವುದಿಲ್ಲ, ಧೈರ್ಯವಾಗಿ ನಡೆಯಿರಿ ಎಂದರು ಅವರು.

"ನಮ್ಮ ಬಾವಿ ಪಂಪು ಕೂಡಿಸಿದಾವನೂ ಹಿಂಗ ಅಂದಿದ್ದರೀ."

ಮನೆಗೆ ಮರಳುವಾಗ ಮೊಣಕಾಲುಗಳ ನಡುವೆ ದಿಂಬು, ಎರಡೂ ಕೈ ಚಪ್ಪೆಯ ಮೇಲೆ. ಕಾರು ಸಾವಕಾಶ, ಇನ್ನೂ ಸಾವಕಾಶ! ಖಾನಾಪುರ ದಾಟುವಷ್ಟರಲ್ಲಿ ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು. ಡ್ರೈವರನೂ ಸೋತ. "ಅಜ್ಜೀ, ಇದು ಗಾಡಿ ಐತ್ರಿ, ಪಲ್ಲಕ್ಕಿ ಅಲ್ಲ."

ಮನೆಗೆ ಬಂದವಳು ಮಂಚ ಹಿಡಿದಳು. ನಡೆಯಲೆಂದು ಕೊಟ್ಟ ವಾಕರಿಗೆ 'ಕುದುರೆ' ಎಂದು ಹೆಸರಿಟ್ಟು ಅದರ ಮೇಲೆ ಸೀರೆ ಒಣಹಾಕಿಸಿದಳು. ಸೀನು ಬರುವ ಸೂಚನೆ ಸಿಕ್ಕರೆ ನಾನು ಒಲೆ ಬಿಟ್ಟು ಓಡಿ ಅವಳ ಚಪ್ಪೆ ಹಿಡಿಯಬೇಕು. ಒಮ್ಮೆ ಅರ್ಧ ತಾಸು ಹಿಡಿದು ನಿಂತೆ. ಕೊನೆಗೆ ಸೀನಿದವಳು ನಾನು!

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಅವಳ ಬಾಯಿ ನಿಂತುಹೋಯಿತು. ಮಂಗಗಳು ಗಿಡ ಬೋಳು ಮಾಡುತ್ತಿದ್ದರೆ ಕಿಟಕಿಯಿಂದ ಸುಮ್ಮನೆ ನೋಡುವಳು. ಒಂದು ತಿಂಗಳು ಹೀಗೇ ಹೋಯಿತು. ವ್ಯಾಯಾಮ ಮಾಡಿಸಲು ಖಾನಾಪುರದಿಂದ ಬರುತ್ತಿದ್ದ ಹುಡುಗಿ ನನ್ನನ್ನು ಹೊರಗೆ ಕರೆದು, "ಕೀಲು ಛಲೋ ಐತ್ರಿ. ಅಂಜಿಕಿ ಅಷ್ಟ. ಇನ್ನೊಂದು ತಿಂಗಳು ಹಿಂಗ ಮಲಗಿದರ ಆಮ್ಯಾಲ ಏಳೂದು ಭಾಳ ಕಷ್ಟ," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಒಳಗೆ ಹೋದೆ.

"ಏಳ್ತೀಯೋ ಇಲ್ಲೋ, ಅಕ್ಕಾ? ಕೀಲು ಉಕ್ಕಿಂದು ಹಾಕ್ಯಾರ, ನೀನ ಬೆಣ್ಣಿ ಆಗೀ."

ಅವಳು ಗೋಡೆ ನೋಡುತ್ತ ಹೇಳಿದಳು. "ಮುರಿಯೂದಕ್ಕ ಅಂಜೂದಿಲ್ಲ, ತಂಗಿ. ಅವತ್ತ ಬಿದ್ದಾಗ ನಿನ್ನ ಎಷ್ಟ ಕೂಗಿದೆ. ನೀ ಬರಲಿಲ್ಲ."

ಕೂಗು ನನಗೆ ಕೇಳಿಸಿತ್ತು. ಮಂಗಕ್ಕೆ ಬೈಯುತ್ತಿದ್ದಾಳೆಂದು ರೊಟ್ಟಿ ಬಡಿಯುತ್ತಲೇ ಇದ್ದೆ, ಹಿಟ್ಟು ಮುಗಿಯುವವರೆಗೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

ಅವಳು ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು.

"ಎಷ್ಟು ರೊಟ್ಟಿ ಬಡಿದಿ?"

"ಹನ್ನೊಂದು."

"ನನಗ ನೂರು ಆದಂಗ ಅನಿಸಿತ್ತು." ಆಮೇಲೆ ಕೈ ಚಾಚಿದಳು. "ಆ ಕುದುರಿ ಮ್ಯಾಲಿನ ಸೀರಿ ತಗಿ."

ಆ ಸಂಜೆ ಹಿತ್ತಲ ಬಾಗಿಲವರೆಗೆ ನಡೆದಳು. ಹೆಜ್ಜೆಗೊಮ್ಮೆ "ತಂಗೀ" ಎನ್ನುವಳು; ಬೆನ್ನ ಹಿಂದೆಯೇ ಇದ್ದ ನಾನು "ಇಲ್ಲೇ ಅದೀನಿ" ಎನ್ನಬೇಕು. ಹತ್ತೊಂಬತ್ತು ಸಲ ಅಂದೆ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಮನೆ ಅದುರುವಂತೆ ಕೂಗು ಬಂತು: "ನಿಮ್ಮಪ್ಪ ನೆಟ್ಟಾನೇನು?"

ಕೂಗಿದ್ದು ಮಂಗಕ್ಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದರೆ ಹೊತ್ತಲಿ ಎಂದು, ಹಿಟ್ಟಿನ ಕೈಯಲ್ಲೇ ಓಡಿದೆ.