ಐದು ಬೆಂಚಿನ ಇಂಗ್ಲಿಷು

ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತದೆ ಎಂದು ಜನ ನಂಬುತ್ತಾರೆ. ಆ ನಂಬಿಕೆ ಇರುವತನಕ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ನನ್ನಂಥವರ ಮಾನವೂ ಹೋಗುತ್ತಲೇ ಇರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರು ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಹಂಗಾಮಿ ಮೇಷ್ಟ್ರು. ಈ ಸಲದ ಇನ್‌ಸ್ಪೆಕ್ಷನ್ ಚೆನ್ನಾಗಿ ನಡೆದರೆ ಕೆಲಸ ಖಾಯಂ ಎಂದು ಹೆಡ್ ಮೇಷ್ಟ್ರು ಹೇಳಿದ್ದರು. ನನ್ನ ಜೀವ ತಿನ್ನುತ್ತಿದ್ದದ್ದು ಕ್ರಿಯಾಪದಗಳು. ನಮ್ಮಲ್ಲಿ ‘ಮಾಡು’ ಒಂದಿದ್ದರೆ ಸಂಸಾರ ಸಾಗುತ್ತದೆ: ಊಟ ಮಾಡು, ಹೋಂವರ್ಕ್ ಮಾಡು, ಗಲಾಟೆ ಮಾಡು, ಭಾಷಣ ಮಾಡು, ವಿಶ್ರಾಂತಿ ಮಾಡು. ಇಂಗ್ಲಿಷಿನವರಿಗೆ ಅಷ್ಟು ಸಾಲದು. ಊಟಕ್ಕೆ ಹ್ಯಾವ್, ಹೋಂವರ್ಕಿಗೆ ಡೂ, ಗಲಾಟೆಗೆ ಮೇಕ್, ಭಾಷಣಕ್ಕೆ ಗಿವ್, ವಿಶ್ರಾಂತಿಗೆ ಟೇಕ್. ಮಕ್ಕಳಿಗೆ ಎಲ್ಲ ಕಲಸುಮೇಲೋಗರವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ.

ಕೊಬ್ಬರಿ ಕೆಲಸದವರನ್ನು ನೋಡಿ ಒಂದು ಉಪಾಯ ಹೊಳೆಯಿತು. ಕಾಯಿ ಕೀಳುವವನು ಸುಲಿಯುವುದಿಲ್ಲ, ಸುಲಿಯುವವನು ಚಿಪ್ಪು ಒಡೆಯುವುದಿಲ್ಲ. ಆದರೂ ಕೆಲಸ ಸರಾಗ. ನಾನೂ ಐದು ಬೆಂಚಿಗೆ ಐದು ಕ್ರಿಯಾಪದ ಹಂಚಿಬಿಟ್ಟೆ. ಒಂದೊಂದು ಬೆಂಚು ತನ್ನ ಪಾಲಿನದನ್ನು ಮಾತ್ರ ಉರು ಹೊಡೆಯಬೇಕು. ಒಟ್ಟಿಗೆ ಸೇರಿಸಿ ಕೇಳಿದರೆ ನನ್ನ ಕ್ಲಾಸಿಗೆ ಪೂರ್ತಿ ಇಂಗ್ಲಿಷ್ ಬರುತ್ತಿತ್ತು.

ಸಾಹುಕಾರರ ಅತಿಥಿ

ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದವರು ಕೊಬ್ಬರಿ ಸಾಹುಕಾರರು. ಒಂದು ದಿನ ಅವರ ಮಂಡಿಗೆ ಉತ್ತರ ಭಾರತದ ಕಡೆಯ ವ್ಯಾಪಾರಿಯೊಬ್ಬರು ಬಂದರು. “ಬರ್ರೀ ಮೇಷ್ಟ್ರೇ, ಇವ್ರ ಕೂಡೆ ಇಂಗ್ಲಿಷ್‌ನಲ್ಲಿ ಮಾತಾಡಿ” ಎಂದು ಸಾಹುಕಾರರು ನನ್ನನ್ನು ಎಳೆದುಕೊಂಡು ಹೋದರು. ಆವತ್ತು ಬೆಳಿಗ್ಗೆ ನಾನು ಓದಿಸಿದ್ದು ಟೇಕ್ ಬೆಂಚನ್ನು. ಬಾಯಿಗೆ ಬಂದದ್ದೂ ಅದೇ.

“ಟೇಕ್ ಸೀಟ್” ಎಂದೆ. ಕೂತರು. “ಟೇಕ್ ಕಾಫಿ” ಎಂದೆ. ಕುಡಿದರು. “ಟೇಕ್ ರೆಸ್ಟ್” ಎಂದೆ. ದಿಂಬಿಗೆ ಒರಗಿದರು.

“ಮಾಲು ಹೆಂಗೈತೆ ಅಂತ ಕೇಳ್ರಿ” ಎಂದು ಸಾಹುಕಾರರು ಕಿವಿಯಲ್ಲಿ ಉಸುರಿದರು. ನಾನು ಬೆವರುತ್ತಾ ಮತ್ತೆ “ಟೇಕ್ ರೆಸ್ಟ್” ಎಂದೆ. ಮೂರನೇ ಸಲವೂ ಅದನ್ನೇ ಹೇಳಿದಾಗ ಆ ಮನುಷ್ಯ ಎದ್ದು ಕೂತು, ಅಚ್ಚಗನ್ನಡದಲ್ಲಿ ಹೇಳಿದರು: “ಮೇಷ್ಟ್ರೇ, ನೀವು ಸ್ವಲ್ಪ ಸುಧಾರಿಸ್ಕೊಳ್ಳಿ. ನಾನು ಈ ಕಡೆ ಹತ್ತು ವರ್ಷದಿಂದ ಬರ್ತಾ ಇದೀನಿ, ವ್ಯಾಪಾರ ನಾವೇ ಮುಗಿಸ್ಕೋತೀವಿ.”

ಗಿವ್ ಬೆಂಚಿನ ಹುಡುಗ

ಬಿಳಿಗೆರೆ ಕಡೆಯ ತೋಟದ ಯಜಮಾನರೊಬ್ಬರು ಸ್ಕೂಲಿಗೇ ಬಂದರು.

“ನಮ್ಮ ಹುಡುಗನ್ನ ಗಿವ್ ಬೆಂಚಲ್ಲಿ ಕೂರ್ಸಿದೀರಂತೆ?”

“ಹೌದು ಯಜಮಾನ್ರೇ.”

“ಹಂಗಂದ್ರೆ ಕೊಡೋದು ಅಂತಲ್ವಾ? ಈಗ್ಲಿಂದಾನೇ ಬರೀ ಕೊಡೋದು ಕಲ್ತ್ರೆ ನಮ್ಮನೆ ಗತಿ ಏನ್ ಕಣ್ರೀ? ಟೇಕ್ ಬೆಂಚಿಗೆ ಹಾಕ್ಬುಡಿ.”

ಹಾಗಲ್ಲ, ಇದು ಬರೀ ಪಾಠ ಎಂದು ನಾನು ಹೇಳಬೇಕಾಗಿತ್ತು. ಆದರೆ ಅವರ ಗಾಡಿಯಲ್ಲಿ ಒಂದು ಗೊನೆ ಎಳನೀರಿತ್ತು. ಹುಡುಗನನ್ನು ಬದಲಾಯಿಸಿದೆ. ಈಗ ನೆನೆಸಿಕೊಂಡರೂ ಮುಖ ಎತ್ತಲಾಗುವುದಿಲ್ಲ. ಸುದ್ದಿ ಹಬ್ಬಿ ವಾರದೊಳಗೆ ಟೇಕ್ ಬೆಂಚಿನಲ್ಲಿ ಹನ್ನೊಂದು ಜನ ಒತ್ತರಿಸಿಕೊಂಡು ಕೂತರು. ಊರಿಗೆಲ್ಲ ಕೊಡುವ ಭಾರ ಹೊತ್ತು ಗಿವ್ ಬೆಂಚಿನಲ್ಲಿ ಉಳಿದವರು, ತೋಟವೇ ಇಲ್ಲದ ಮನೆಯ ಇಬ್ಬರು.

ಇನ್‌ಸ್ಪೆಕ್ಟರು ಬಂದರು

ಕೊನೆಗೂ ಇನ್‌ಸ್ಪೆಕ್ಟರು ಬಂದರು. ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, “ನಾನು ಊಟ ಮಾಡಿದೆ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಮ್ಮ” ಎಂದರು.

“ಅದು ನಮ್ದಲ್ಲ ಸಾರ್, ಕಿಟಕಿ ಪಕ್ಕದ ಬೆಂಚ್ನೋರ್ದು.”

ಕಿಟಕಿ ಪಕ್ಕದ ಹ್ಯಾವ್ ಬೆಂಚು ಖಾಲಿ ಇತ್ತು.

“ಅವರೆಲ್ಲಿ?”

“ಹಂದನಕೆರೆಗೆ ಮದ್ವೆಗೆ ಹೋಗವ್ರೆ ಸಾರ್. ಐದು ಜನಾನೂ ಒಂದೇ ವಂಶದೋರು.”

“ಹಾಗಾದ್ರೆ ಅವರು ಬರೋತನಕ ನೀವ್ಯಾರೂ ಊಟ ಮಾಡಲ್ವೇನಮ್ಮ?”

“ಕನ್ನಡದಲ್ಲಿ ಮಾಡ್ತೀವಿ ಸಾರ್.”

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ನೀವೇ ಹೇಳಿ.”

ಐದು ಬೆಂಚಿನ ಪದಗಳೂ ನನ್ನ ಬಾಯಿಗೆ ಒಟ್ಟಿಗೆ ನುಗ್ಗಿ ಒಂದೂ ಹೊರಗೆ ಬರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು. ಖಾಯಂ ಆಗುವ ಕೆಲಸ ಆ ಗಳಿಗೆಯಲ್ಲೇ ಇನ್ನೊಂದು ವರ್ಷ ಮುಂದೆ ಹೋಯಿತು. ಅದನ್ನಾದರೂ ನಾನು ಮರೆತೇನು. ನನ್ನ ಅವಸ್ಥೆ ನೋಡಲಾರದೆ, ನನ್ನನ್ನು ಕಾಪಾಡಲೆಂದೇ ಆ ಹುಡುಗಿ ಮತ್ತೆ ಎದ್ದು ನಿಂತು ಹೇಳಿದ್ದನ್ನು ಮಾತ್ರ ಮರೆಯಲಾರೆ.

“ಮೇಷ್ಟ್ರನ್ನ ಕೇಳ್ಬೇಡಿ ಸಾರ್. ಅವ್ರು ಯಾವ ಬೆಂಚ್ನಲ್ಲೂ ಕೂರಲ್ಲ, ಕುರ್ಚೀಲಿ ಕೂರ್ತಾರೆ.”